‘ಗಾಸೋಲಿನಾ’: ಭಾಷೆ ತಿಳಿಯದವರನ್ನೂ ಕುಣಿಸುವ ಈ ಹಾಡಿನ ಅರ್ಥವೇನು?

ಲಯಾನ್ವೇಷಿ

ಮಿತ್ರರೇ, ಸ್ಪ್ಯಾನಿಷ್ ಭಾಷೆಯ ಕುಣಿತದ ಸಂಗೀತವಾದ ರೆಗೆಟೋನ್ ಬಗ್ಗೆ ನಮ್ಮಲ್ಲಿ ಆಗಾಗ ಬಿಡಿಬಿಡಿಯಾಗಿ ಮಾತು ಬಂದಿದೆ. ಒಂದೇ ಹಾಡನ್ನು ಹಿಡಿದು ಸಾವಧಾನವಾಗಿ ಚರ್ಚಿಸಿದ್ದು ಕಡಿಮೆ. ಅದಕ್ಕಾಗಿ ಅಮೆರಿಕದ ಅಧೀನದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಗಾಯಕ ಡ್ಯಾಡಿ ಯಾಂಕಿಯ ‘ಗಾಸೋಲಿನಾ’ವನ್ನು ಎತ್ತಿಕೊಂಡಿದ್ದೇನೆ. ಇದು 2004ರ ಜುಲೈ 13ರಂದು ಬಿಡುಗಡೆಯಾದ ‘ಬಾರಿಯೊ ಫಿನೊ’ ಆಲ್ಬಮ್‌ನ ಹಾಡು. ಬರೆದವರು ಡ್ಯಾಡಿ ಯಾಂಕಿ ಮತ್ತು ಎಡ್ಡಿ ಡೀ. ಸಂಗೀತ ಕಟ್ಟಿದವರು ಲೂನಿ ಟ್ಯೂನ್ಸ್ ಎಂಬ ಜೋಡಿ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು ಏರಿದ್ದು 32ನೇ ಸ್ಥಾನದವರೆಗೆ, ಬ್ರಿಟನ್ನಿನಲ್ಲಿ 5ನೇ ಸ್ಥಾನದವರೆಗೆ. ಪಟ್ಟಿಗಳಿಂದಲೇ ಅಳೆಯುವುದಾದರೆ ಇದಕ್ಕಿಂತ ದೊಡ್ಡ ಹಾಡುಗಳು ಬೇಕಾದಷ್ಟಿವೆ. ಆದರೂ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಮೊಟ್ಟಮೊದಲ ರೆಗೆಟೋನ್ ಹಾಡನ್ನು ಸೇರಿಸಿಕೊಂಡಾಗ ಆರಿಸಿದ್ದು ಇದನ್ನೇ.

‘ಗಾಸೋಲಿನಾ’ ಎಂದರೆ ಪೆಟ್ರೋಲ್. ಹಾಡಿನಲ್ಲಿ ಬರುವ ಈ ಪೆಟ್ರೋಲ್ ಯಾವುದನ್ನು ಸೂಚಿಸುತ್ತದೆ ಎಂಬುದಕ್ಕೆ ಅಂದಿನಿಂದ ಇಂದಿನವರೆಗೂ ಹಲವು ಉತ್ತರಗಳು ಓಡಾಡುತ್ತಿವೆ. ಮದ್ಯ ಎನ್ನುವವರಿದ್ದಾರೆ, ಕಾಮ ಎನ್ನುವವರಿದ್ದಾರೆ, ವೇಗದ ಹುಚ್ಚು ಎನ್ನುವವರೂ ಇದ್ದಾರೆ. ಇವುಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ತಳ್ಳಿಹಾಕುವ ಉತ್ಸಾಹ ನನಗಿಲ್ಲ, ಏಕೆಂದರೆ ಹಾಡಿನ ಕಟ್ಟಡವನ್ನು ಕಿವಿಗೊಟ್ಟು ಕೇಳಿದರೆ ಬೇರೊಂದು ಸಂಗತಿ ಮುಂದೆ ಬಂದು ನಿಲ್ಲುತ್ತದೆ. ಆರಂಭದಲ್ಲಿ ಗಂಡುದನಿಯೊಂದು ಹೆಣ್ಣುಮಕ್ಕಳು ತಮ್ಮ ಎಂಜಿನ್‌ಗಳನ್ನು ಚಾಲೂ ಮಾಡಲಿ ಎಂಬ ಒಂದೇ ಸಾಲನ್ನು ಮೂರು ಸಲ ಕೂಗುತ್ತದೆ. ಸಲದಿಂದ ಸಲಕ್ಕೆ ಹಿಂದಿನ ಸದ್ದು ಬಿಗಿಯಾಗುತ್ತಾ ಏರುತ್ತದೆ. ಪಲ್ಲವಿ ಬಂದಾಗ ಅದೇ ದನಿ, ಅವಳಿಗೆ ಪೆಟ್ರೋಲ್ ಎಂದರೆ ಪ್ರೀತಿ ಎಂದು ಅವಳ ವಿಷಯವನ್ನು ಸಭೆಗೆ ಸಾರುತ್ತದೆ. ಉಸಿರು ಬಿಡುವಷ್ಟರಲ್ಲಿ ಹೆಣ್ಣುದನಿಯೊಂದು ನಡುವೆ ನುಗ್ಗಿ, ಇನ್ನಷ್ಟು ಕೊಡು ಎಂದು ಕೇಳುತ್ತದೆ. ಅವನು ಪ್ರಥಮಪುರುಷದಲ್ಲಿ ಅವಳನ್ನು ವರ್ಣಿಸುತ್ತಾನೆ. ಅವಳು ಉತ್ತಮಪುರುಷದಲ್ಲಿ ನೇರವಾಗಿ ಬೇಡಿಕೆ ಇಡುತ್ತಾಳೆ. ವ್ಯಾಕರಣದ ಈ ಸಣ್ಣ ಪಲ್ಲಟದಲ್ಲೇ ಹಾಡಿನ ಜೀವವಿದೆ ಎಂಬುದು ನನ್ನ ತಿಳಿವಳಿಕೆ. ವರ್ಣನೆಗೆ ಒಳಗಾದವಳು ತಾನೇ ಮಾತಾಡಿಬಿಡುತ್ತಾಳೆ, ಮತ್ತು ಕೇಳುಗರ ನಾಲಿಗೆಯ ಮೇಲೆ ಉಳಿಯುವುದು ಅವಳ ಮಾತು.

ಅರ್ಥವನ್ನು ಪದಕೋಶದಲ್ಲಿ ಹುಡುಕುವುದಕ್ಕಿಂತ ಈ ಸವಾಲು–ಜವಾಬಿನಲ್ಲಿ ಮತ್ತು ಅದನ್ನು ಹೊತ್ತು ನಡೆಯುವ ತಾಳದಲ್ಲಿ ಹುಡುಕುವುದು ಸರಿಯೆಂದು ನನಗನ್ನಿಸುತ್ತದೆ. ಸ್ಪ್ಯಾನಿಷ್ ಬಲ್ಲವರು, ಆ ದ್ವೀಪದ ಜನರ ಒಡನಾಟ ಇರುವವರು, ಲಯವಾದ್ಯ ಕಲಿತವರು ದಯವಿಟ್ಟು ಮಾತಾಡಿ.

ಒರ್ಲ್ಯಾಂಡೊ ಕನ್ನಡಿಗ

ಲಯಾನ್ವೇಷಿ ಅವರೇ, ಒಳ್ಳೆಯ ಚರ್ಚೆಯನ್ನು ಆರಂಭಿಸಿದ್ದೀರಿ. ನಾನಿರುವ ಮಧ್ಯ ಫ್ಲೋರಿಡಾದಲ್ಲಿ ಪೋರ್ಟೊ ರಿಕೊದವರ ಸಂಖ್ಯೆ ಬಹಳ ದೊಡ್ಡದು. 2017ರ ಮರಿಯಾ ಚಂಡಮಾರುತದ ನಂತರ ಇನ್ನೂ ಅನೇಕ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ನನ್ನ ಕಚೇರಿಯ ಸಹೋದ್ಯೋಗಿಗಳಲ್ಲೂ ಅಲ್ಲಿಯವರಿದ್ದಾರೆ. ಈ ಹಾಡಿನ ಪ್ರಸ್ತಾಪ ಬಂದರೆ ಅವರು ಮೊದಲು ಹೇಳುವುದು ರೂಪಕದ ಮಾತನ್ನಲ್ಲ, ಕಾರಿನ ಮಾತನ್ನು.

ಡ್ಯಾಡಿ ಯಾಂಕಿ ಸ್ವತಃ ಹಲವು ಸಂದರ್ಶನಗಳಲ್ಲಿ ಹಾಡು ಹುಟ್ಟಿದ ಬಗೆಯನ್ನು ವಿವರಿಸಿದ್ದಾರೆ. ಅವರು ರಾಜಧಾನಿ ಸಾನ್ ಹುವಾನ್‌ನ ವಿಲ್ಯಾ ಕೆನೆಡಿ ಎಂಬ ಸರ್ಕಾರಿ ವಸತಿ ಸಂಕೀರ್ಣದಲ್ಲಿ ಬದುಕುತ್ತಿದ್ದ ಕಾಲದಲ್ಲಿ, ಒಳ್ಳೆಯ ಕಾರಿರುವ ಹುಡುಗರೊಂದಿಗೆ ಪಾರ್ಟಿಗೆ ಹೊರಡುವ ಹುಡುಗಿಯರನ್ನು ಕಂಡು ಬೀದಿಯಲ್ಲಿ ಯಾರೋ ಈ ಪೆಟ್ರೋಲ್ ಮಾತನ್ನು ಛೇಡಿಸುವ ದನಿಯಲ್ಲಿ ಕೂಗಿದ್ದು ಅವರ ಕಿವಿಗೆ ಬಿತ್ತಂತೆ. ಆ ಕೂಗು ತಲೆಯಲ್ಲಿ ಸುತ್ತುತ್ತಲೇ ಇದ್ದು ಪಲ್ಲವಿಯಾಯಿತು. ಮದ್ಯ, ಮಾದಕ ವಸ್ತು ಎಂಬ ಅರ್ಥಗಳನ್ನು ಹೊರಗಿನವರು ಹಚ್ಚಿದರೇ ಹೊರತು ತಾನು ಬರೆದದ್ದು ಸುತ್ತಾಡಲು, ಕುಣಿಯಲು ಇಷ್ಟಪಡುವ ಹುಡುಗಿಯ ಬಗ್ಗೆ ಎಂಬುದು ಅವರ ನಿಲುವು.

ಆ ದ್ವೀಪದಲ್ಲಿ ಕಾರಿಗೆ ಇರುವ ಬೆಲೆಯನ್ನು ತಿಳಿಯದೆ ಇದು ಅರ್ಥವಾಗುವುದಿಲ್ಲ. ಹಾಡು ಬಂದ ವರ್ಷ ಸಾನ್ ಹುವಾನ್‌ನಲ್ಲಿ ನಗರ ರೈಲು ಇನ್ನೂ ಸರಿಯಾಗಿ ಓಡುತ್ತಿರಲಿಲ್ಲ. ‘ತ್ರೆನ್ ಉರ್ಬಾನೊ’ ಪೂರ್ಣ ಪ್ರಮಾಣದಲ್ಲಿ ಆರಂಭವಾದದ್ದು 2005ರಲ್ಲಿ. ಮನೆಯಿಂದ ಹೊರಬೀಳಬೇಕೆಂದರೆ ನಾಲ್ಕು ಚಕ್ರ ಬೇಕು, ಚಕ್ರ ಉರುಳಲು ಪೆಟ್ರೋಲ್ ಬೇಕು. ವಸತಿ ಸಂಕೀರ್ಣದ ಹುಡುಗಿಗೆ ಶನಿವಾರದ ರಾತ್ರಿ ಎಂದರೆ ಅಲ್ಲಿಂದ ಆಚೆ ಹೋಗುವ ಅವಕಾಶ. ಅವಳು ಪೆಟ್ರೋಲ್ ಕೇಳುವುದರಲ್ಲಿ ಮೋಜಿನ ಆಸೆ ಎಷ್ಟಿದೆಯೋ ಆ ಆವರಣದ ಹೊರಗೆ ಕಾಲಿಡುವ ಆಸೆಯೂ ಅಷ್ಟೇ ಇದೆ ಎಂದು ನಾನು ಓದಿಕೊಳ್ಳುತ್ತೇನೆ. ಇದನ್ನು ಬರಿಯ ದ್ವಂದ್ವಾರ್ಥದ ಹಾಡೆಂದು ಬದಿಗಿಡುವವರು ಈ ಬೀದಿಯನ್ನು ಕಾಣುವುದಿಲ್ಲ.

ಖಂಜಿರ ಅಭ್ಯಾಸಿ

ಲಯದ ಬಗ್ಗೆ ಕೇಳಿದ್ದೀರಿ, ಆದ್ದರಿಂದ ನಾನು ಬರೆಯಲೇಬೇಕು. ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕ್ಕೋಲಿನ ಸಹಾಯದಿಂದ ಈ ತಾಳವನ್ನು ಯಾರು ಬೇಕಾದರೂ ಕುಳಿತಲ್ಲೇ ಹಿಡಿಯಬಹುದು. ಎಂಟು ಸಮ ಮಾತ್ರೆಗಳನ್ನು ‘ತಕಿಟ ತಕಿಟ ತಕ’ ಎಂದು ಹೇಳಿ. ಮೂರು, ಮೂರು, ಎರಡು. ಈಗ ಒಂದನೆಯ ಮತ್ತು ಐದನೆಯ ಮಾತ್ರೆಗಳ ಮೇಲೆ ತೊಡೆಗೆ ತಟ್ಟಿ. ಮೊದಲ ಪೆಟ್ಟು ಮೊದಲ ‘ತ’ದ ಮೇಲೆ ಸರಿಯಾಗಿ ಬೀಳುತ್ತದೆ, ಎರಡನೆಯ ಪೆಟ್ಟು ಎರಡನೆಯ ‘ತಕಿಟ’ದ ನಡುವಿನ ‘ಕಿ’ಯ ಮೇಲೆ ಬೀಳುತ್ತದೆ. ಆ ತೊಡೆಯ ಪೆಟ್ಟೇ ಹಾಡಿನ ದಪ್ಪ ಡ್ರಮ್. ಎರಡನೆಯ ‘ತಕಿಟ’ದ ‘ತ’ ಮತ್ತು ಕೊನೆಯ ‘ತಕ’ದ ‘ತ’, ಅಂದರೆ ನಾಲ್ಕನೆಯ ಮತ್ತು ಏಳನೆಯ ಮಾತ್ರೆಗಳ ಮೇಲೆ ಬರುವ ಚುರುಕಾದ ಸದ್ದೇ ಸ್ನೇರ್ ಎಂಬ ತೆಳು ಡ್ರಮ್ಮಿನದು. ಒಂದು ಸ್ನೇರ್ ದಪ್ಪ ಪೆಟ್ಟಿಗಿಂತ ಒಂದು ಮಾತ್ರೆ ಮುಂಚೆ ಬಂದು ಬಿಡುತ್ತದೆ; ಇನ್ನೊಂದು ಎರಡು ಪೆಟ್ಟುಗಳ ನಟ್ಟನಡುವೆ ಕೂರುತ್ತದೆ. ಕಾಲು ನೇರ ನಡಿಗೆಯನ್ನು ಬಯಸುತ್ತಿರುವಾಗ ಸೊಂಟವನ್ನು ಈ ಮುಂಚೂಣಿ ಪೆಟ್ಟು ಎಳೆಯುತ್ತದೆ. ನಿಮಿಷಕ್ಕೆ ಸುಮಾರು 96 ಬಡಿತಗಳ ವೇಗದಲ್ಲಿ ಆ ಎಳೆತಕ್ಕೆ ದೇಹ ಉತ್ತರ ಕೊಡಲು ಸಾಕಷ್ಟು ಸಮಯವೂ ಇರುತ್ತದೆ. ಸ್ಪ್ಯಾನಿಷ್ ಬಾರದವರೂ ಕುಣಿಯುವುದಕ್ಕೆ ನನ್ನ ಮಟ್ಟಿಗೆ ಇದು ಮೊದಲ ಕಾರಣ.

ಈ ತಾಳಕ್ಕೆ ‘ಡೆಂಬೋ’ ಎಂದು ಹೆಸರು, ಮತ್ತು ಅದು ಪೋರ್ಟೊ ರಿಕೊದಲ್ಲಿ ಹುಟ್ಟಿದ್ದಲ್ಲ. ಹೆಸರು ಬಂದದ್ದು ಜಮೈಕಾದ ಶಬ್ಬಾ ರ್ಯಾಂಕ್ಸ್ 1990ರ ಆಸುಪಾಸಿನಲ್ಲಿ ಹಾಡಿದ, ಆ ದೇಶದ ಕುಣಿತದ ಶೈಲಿಯ ಒಂದು ಡಾನ್ಸ್‌ಹಾಲ್ ಹಾಡಿನಿಂದ. ತಾಳದ ಬೇರು ಇನ್ನೂ ಸ್ವಲ್ಪ ಹಿಂದಕ್ಕೆ, 1989ರಲ್ಲಿ ಜಮೈಕಾದ ಸ್ಟೀಲಿ ಮತ್ತು ಕ್ಲೀವಿ ಜೋಡಿ ಮಾಡಿದ ‘ಫಿಶ್ ಮಾರ್ಕೆಟ್’ ಎಂಬ ವಾದ್ಯಸಂಗೀತಕ್ಕೆ ಹೋಗುತ್ತದೆ. ಅದನ್ನು ಸ್ಪ್ಯಾನಿಷ್ ಭಾಷೆಗೆ ದಾಟಿಸಿದವರು ಪನಾಮಾದ ಗಾಯಕರು. ಪನಾಮಾ ಕಾಲುವೆಯ ಕೂಲಿ ಕೆಲಸಕ್ಕಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಮೈಕಾ, ಬಾರ್ಬಡೋಸ್‌ಗಳಿಂದ ಸಾವಿರಾರು ಕಪ್ಪು ಕಾರ್ಮಿಕರು ಬಂದಿದ್ದರು. ಅವರ ವಂಶಜರ ನಡುವೆ ರೆಗೆ ಹಾಡುಗಳು ಸ್ಪ್ಯಾನಿಷ್ ಮಾತನ್ನು ಪಡೆದವು. ಎಲ್ ಹೆನೆರಾಲ್, ನಾಂಡೊ ಬೂಮ್ ಎಂಬವರು ಆ ಪರಂಪರೆಯ ಮುಖ್ಯ ಹೆಸರುಗಳು. ಅಲ್ಲಿಂದ, ನ್ಯೂಯಾರ್ಕ್‌ನ ಸ್ಟುಡಿಯೋಗಳ ಮೂಲಕವೂ, ಈ ತಾಳ ಸಾನ್ ಹುವಾನ್‌ಗೆ ಬಂದು ಅಲ್ಲಿನ ರ‍್ಯಾಪ್ ಹುಡುಗರ ಕೈಸೇರಿತು.

ಹಳೆಯ ರಾಗಗಳು

ಎಲ್ಲರ ವಿವರಗಳನ್ನೂ ಗೌರವದಿಂದ ಓದಿದೆ. ಆದರೆ ನನ್ನ ಆಕ್ಷೇಪವನ್ನು ಮುಚ್ಚಿಡಲಾರೆ. ಪಲ್ಲವಿಯಲ್ಲಿ ಹೆಣ್ಣು ಮಾತಾಡುತ್ತಾಳೆ ಎಂಬುದನ್ನು ದೊಡ್ಡ ಸಂಗತಿಯೆಂದು ಲಯಾನ್ವೇಷಿ ಅವರು ಹೇಳುತ್ತಿದ್ದಾರೆ, ಆದರೆ ಆ ಮಾತನ್ನು ಬರೆದವರು ಇಬ್ಬರು ಗಂಡಸರು. ಗಂಡಸು ಹೆಣ್ಣಿನ ಬಾಯಲ್ಲಿ ತನಗೆ ಇಷ್ಟವಾದ ಬೇಡಿಕೆಯನ್ನಿಟ್ಟು, ನೋಡಿ ಅವಳೇ ಕೇಳುತ್ತಿದ್ದಾಳೆ ಎಂದು ಹೇಳುವುದು ಶೃಂಗಾರ ಕಾವ್ಯದಷ್ಟೇ ಹಳೆಯ ತಂತ್ರ. ಚರಣಗಳಲ್ಲಿ ಅವನು ತನ್ನ ಬಗ್ಗೆ ಕೊಚ್ಚಿಕೊಳ್ಳುವುದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಸಾಹಿತ್ಯ ಇಷ್ಟು ತೆಳುವಾಗಿರುವಾಗ ಅದರ ಮೇಲೆ ಇಷ್ಟು ಅರ್ಥವನ್ನು ಹೇರುವುದು ನ್ಯಾಯವೇ? ಹಾಡು ಕುಣಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಕುಣಿಸುವುದೇ ಅದರ ಅರ್ಥ ಎಂದು ಹೇಳಿ ಮುಗಿಸಿಬಿಡಬಹುದಲ್ಲವೇ?

ಬೆಳಗಿನ ಓದು

‘ಹಳೆಯ ರಾಗಗಳು’ ಅವರ ಪ್ರಶ್ನೆ ನ್ಯಾಯವಾದದ್ದು, ಮತ್ತು ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಆ ಮಾತನ್ನು ಬರೆದವರು ಗಂಡಸರು, ಸರಿ, ಹಾಡಿದವಳು ಯಾರು? ಗ್ಲೋರಿ ಎಂಬ ಹೆಸರಿನಲ್ಲಿ ಹಾಡುವ ಪೋರ್ಟೊ ರಿಕೊದ ಗಾಯಕಿ. ಜಗತ್ತಿನ ಮೂಲೆಮೂಲೆಯಲ್ಲಿ ಜನ ಅನುಕರಿಸುವ ಆ ಸಾಲು ಅವಳ ಕಂಠದ್ದು. ಹಾಡಿನ ಶೀರ್ಷಿಕೆಯ ಪಕ್ಕದಲ್ಲಿ ಅವಳ ಹೆಸರಿಲ್ಲ. ಆ ಕಾಲದ ಇನ್ನೂ ಹಲವು ಹಾಡುಗಳಲ್ಲಿ ಇದೇ ರೀತಿ ಹೆಣ್ಣುದನಿ ಪಲ್ಲವಿಯಲ್ಲಿ ಬಂದು ಹೋಗುತ್ತದೆ, ಮುಖಪುಟದಲ್ಲಿ ಗಂಡಸಿನ ಹೆಸರು ಮಾತ್ರ ಉಳಿಯುತ್ತದೆ. 2020ರಲ್ಲಿ ಪೋರ್ಟೊ ರಿಕೊದ ಗಾಯಕ ಬ್ಯಾಡ್ ಬನ್ನಿ, ಒಬ್ಬಳೇ ಕುಣಿಯಲು ಬಯಸುವ ಹೆಣ್ಣಿನ ಪರವಾಗಿ ಮಾಡಿದ ‘ಯೊ ಪೆರ‍್ರೆಯೊ ಸೋಲಾ’ ಹಾಡಿನಲ್ಲೂ ಮೊದಲಿಗೆ ಇದೇ ಆಯಿತು. ಪಲ್ಲವಿಯ ದನಿ ನೆಸಿ ಎಂಬ ಗಾಯಕಿಯದ್ದು, ಆದರೆ ಅವಳ ಹೆಸರು ಶೀರ್ಷಿಕೆಗೆ ಬಂದದ್ದು ಅದೇ ವರ್ಷ ಗಾಯಕಿ ಐವಿ ಕ್ವೀನ್ ಜೊತೆ ಮಾಡಿದ ಎರಡನೆಯ ಆವೃತ್ತಿಯಲ್ಲಿ. ಹದಿನಾರು ವರ್ಷ ಕಳೆದರೂ ಅಭ್ಯಾಸ ಹೋಗಿರಲಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರ ತರಿಸಿದ ಸಂಗತಿ.

ಹಾಗೆಂದು ಹೆಣ್ಣುಮಕ್ಕಳು ಈ ಸಂಗೀತದಲ್ಲಿ ಬರಿಯ ಅಲಂಕಾರವಾಗಿದ್ದರು ಎಂದು ತೀರ್ಮಾನಿಸುವುದೂ ತಪ್ಪು. ಐವಿ ಕ್ವೀನ್ 1990ರ ದಶಕದ ನಡುವಿನಲ್ಲಿ ಸಾನ್ ಹುವಾನ್‌ನ ‘ದ ನಾಯ್ಸ್’ ಎಂಬ ಗಂಡಸರೇ ತುಂಬಿದ್ದ ಬಳಗದೊಳಗೆ ಹೊಕ್ಕವಳು. ‘ಗಾಸೋಲಿನಾ’ ಬರುವುದಕ್ಕೆ ಒಂದು ವರ್ಷ ಮೊದಲು, 2003ರಲ್ಲಿ, ಅವಳ ‘ಕಿಯೆರೊ ಬೈಲಾರ್’ ಬಂದಿತ್ತು. ನಿನ್ನೊಡನೆ ಕುಣಿದೆನೆಂದ ಮಾತ್ರಕ್ಕೆ ನಿನ್ನ ಹಾಸಿಗೆಗೆ ಬರುತ್ತೇನೆಂದು ತಿಳಿಯಬೇಡ ಎಂಬುದು ಆ ಹಾಡಿನ ಸಾರ. ಬೆನ್ನನ್ನು ಸಂಗಾತಿಯ ಕಡೆ ತಿರುಗಿಸಿ ಸೊಂಟ ಬಳುಕಿಸುವ ‘ಪೆರ‍್ರೆಯೊ’ ಕುಣಿತವನ್ನು ಹೊರಗಿನಿಂದ ನೋಡಿದವರು ಹೆಣ್ಣನ್ನು ಅದರಲ್ಲಿ ಭೋಗದ ವಸ್ತುವೆಂದು ಕಾಣುತ್ತಾರೆ; ಕುಣಿಯುವ ಹೆಣ್ಣುಮಕ್ಕಳಲ್ಲಿ ಅನೇಕರು, ಎಷ್ಟು ಹತ್ತಿರ, ಎಷ್ಟು ಹೊತ್ತು, ಯಾವಾಗ ನಿಲ್ಲಿಸುವುದು ಎಂಬುದೆಲ್ಲ ತಮ್ಮ ಕೈಯಲ್ಲಿದೆ ಎಂದು ಹೇಳುತ್ತಾರೆ. ಈ ಎರಡು ನೋಟಗಳ ನಡುವಿನ ಜಗ್ಗಾಟ ಹಾಡಿನೊಳಗೇ ಇದೆ. ಆದ್ದರಿಂದ ಕುಣಿಸುವುದೇ ಅರ್ಥ ಎಂದು ಹೇಳಿ ಮುಗಿಸಲು ನಾನು ಒಪ್ಪಲಾರೆ. ಯಾರು ಯಾರನ್ನು ಕುಣಿಸುತ್ತಿದ್ದಾರೆ ಎಂಬುದು ಅಲ್ಲಿ ತೀರ್ಮಾನವಾಗದೆ ಉಳಿದ ಪ್ರಶ್ನೆ.

ಲಯಾನ್ವೇಷಿ

‘ಬೆಳಗಿನ ಓದು’ ಅವರು ಗ್ಲೋರಿಯ ಹೆಸರನ್ನು ತಂದದ್ದು ಈ ಚರ್ಚೆಗೆ ಬೇಕೇಬೇಕಿತ್ತು, ಧನ್ಯವಾದ. ಪೆರ‍್ರೆಯೊ ಬಗ್ಗೆ ಅವರು ಹೇಳಿದ್ದಕ್ಕೆ ಚರಿತ್ರೆಯ ಒಂದು ಭಾಗವನ್ನು ಸೇರಿಸುತ್ತೇನೆ, ಏಕೆಂದರೆ ಈ ಹಾಡಿನ ಉಲ್ಲಾಸ ಎಲ್ಲಿಂದ ಸಿಡಿದು ಬಂತು ಎಂಬುದು ಅದಿಲ್ಲದೆ ತಿಳಿಯುವುದಿಲ್ಲ.

ರೆಗೆಟೋನ್ ಎಂಬ ಹೆಸರು ಗಟ್ಟಿಯಾಗುವುದಕ್ಕೆ ಮುಂಚೆ ಆ ಸಂಗೀತವನ್ನು ಅಲ್ಲಿ ‘ಅಂಡರ್‌ಗ್ರೌಂಡ್’ ಎಂದೇ ಕರೆಯುತ್ತಿದ್ದರು. ಡಿಜೆ ಪ್ಲಾಯೆರೊ ಮೊದಲಾದವರು ಕ್ಯಾಸೆಟ್‌ಗಳಲ್ಲಿ ಮುದ್ರಿಸಿ ಹಂಚುತ್ತಿದ್ದರು. ಹದಿಹರೆಯದ ಡ್ಯಾಡಿ ಯಾಂಕಿಯ ದನಿ ಮೊದಲು ಕೇಳಿಸಿದ್ದು ಆ ಕ್ಯಾಸೆಟ್‌ಗಳಲ್ಲೇ. ಅದೇ ಹೊತ್ತಿನಲ್ಲಿ, 1993ರಿಂದ, ಗವರ್ನರ್ ಪೆಡ್ರೊ ರೊಸ್ಸೆಯೊ ಅವರ ಸರ್ಕಾರ ‘ಮಾನೊ ದೂರಾ’, ಅಂದರೆ ಬಿಗಿಮುಷ್ಟಿ ಎಂಬ ಹೆಸರಿನ ಅಪರಾಧ ನಿಗ್ರಹ ನೀತಿಯಡಿ, ಬಡವರ ವಸತಿ ಸಂಕೀರ್ಣಗಳಿಗೆ ಪೊಲೀಸರ ಜೊತೆ ನ್ಯಾಷನಲ್ ಗಾರ್ಡ್ ಪಡೆಗಳನ್ನೂ ನುಗ್ಗಿಸಿತು. 1995ರ ಫೆಬ್ರವರಿಯಲ್ಲಿ ಸಾನ್ ಹುವಾನ್‌ನ ಸಂಗೀತದ ಅಂಗಡಿಗಳ ಮೇಲೆ ದಾಳಿ ನಡೆಸಿ, ಅಶ್ಲೀಲವೆಂಬ ಕಾರಣ ಕೊಟ್ಟು ಈ ಕ್ಯಾಸೆಟ್‌ಗಳನ್ನು ವಶಪಡಿಸಿಕೊಂಡರು. 2002ರಲ್ಲಿ ಸೆನೆಟರ್ ವೆಲ್ಡಾ ಗೊನ್ಸಾಲೆಸ್ ಅವರು ರೆಗೆಟೋನ್ ವಿಡಿಯೋಗಳ ವಿರುದ್ಧ ಸಾರ್ವಜನಿಕ ವಿಚಾರಣೆಗಳನ್ನೇ ನಡೆಸಿದರು. ಹೀಗೆ ಹತ್ತು ವರ್ಷ ಬಡವರ, ಕಪ್ಪುಜನರ, ಹೊಲಸು ಮಾತಿನ ಸಂಗೀತವೆಂಬ ಹಣೆಪಟ್ಟಿ ಹೊತ್ತಿದ್ದ ಪ್ರಕಾರವೊಂದು 2004ರಲ್ಲಿ, ಆ ಗಾಯಕ ತನ್ನದೇ ಎಲ್ ಕಾರ್ಟೆಲ್ ಸಂಸ್ಥೆಯ ಮೂಲಕ ತಂದ ಆಲ್ಬಮ್‌ನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಎಂಜಿನ್ ಚಾಲೂ ಮಾಡಿತು. ಆಲ್ಬಮ್‌ನ ಹೆಸರಲ್ಲೇ ಬಡವರ ಕೇರಿಯನ್ನು ಸೊಗಸಾದದ್ದೆಂದು ಕರೆದಿದ್ದಾರೆ. ಹಾಡಿನ ಚರಣಗಳಲ್ಲಿನ ಜಂಬವನ್ನು ‘ಹಳೆಯ ರಾಗಗಳು’ ಅವರು ಟೊಳ್ಳೆಂದು ಕೇಳುತ್ತಿದ್ದಾರೆ. ಪೊಲೀಸರ ಕಣ್ಣಿನಲ್ಲಿ ಹುಟ್ಟಿನಿಂದಲೇ ಶಂಕಿತರಾಗಿದ್ದವರ ಬಾಯಲ್ಲಿ ಅದೇ ಜಂಬಕ್ಕೆ ಬೇರೆ ತೂಕ ಬರುತ್ತದೆ.

ಇದಕ್ಕೆ ಸೇರಿದ ಮತ್ತೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. 2019ರ ಜುಲೈನಲ್ಲಿ ಆ ಗವರ್ನರರ ಮಗ ರಿಕಾರ್ಡೊ ರೊಸ್ಸೆಯೊ ಅದೇ ಹುದ್ದೆಯಲ್ಲಿದ್ದಾಗ, ಅವರ ರಾಜೀನಾಮೆಗಾಗಿ ದ್ವೀಪವೇ ಬೀದಿಗಿಳಿದಿತ್ತು. ಜುಲೈ 24ರಂದು ಸಾನ್ ಹುವಾನ್‌ನ ಕ್ಯಾಥೆಡ್ರಲ್ ಮೆಟ್ಟಿಲುಗಳ ಮೇಲೆ ಯುವಕ ಯುವತಿಯರು ಪೆರ‍್ರೆಯೊ ಕುಣಿದು ಪ್ರತಿಭಟಿಸಿದರು. ಅಂದೇ ಮಧ್ಯರಾತ್ರಿಗೆ ಮುನ್ನ ರಾಜೀನಾಮೆಯ ಘೋಷಣೆ ಹೊರಬಿತ್ತು. ಕುಣಿತವೊಂದೇ ಅದನ್ನು ಸಾಧಿಸಿತೆಂದು ನಾನು ಹೇಳುತ್ತಿಲ್ಲ. ಲಕ್ಷಾಂತರ ಜನ ಹನ್ನೆರಡು ದಿನಗಳಿಗೂ ಮಿಕ್ಕಿ ಬೀದಿಯಲ್ಲಿದ್ದರು. ಆದರೆ ತಂದೆಯ ಕಾಲದಲ್ಲಿ ಪೊಲೀಸರು ಮಟ್ಟಹಾಕಲು ಹೊರಟ ಸಂಗೀತಕ್ಕೆ ಮಗನ ಕಾಲದಲ್ಲಿ ಇಂಥ ಜಾಗ ಸಿಕ್ಕಿತು ಎಂಬುದನ್ನು ಮರೆಯಬಾರದು.

ಶಿವಮೊಗ್ಗ ಜುಂಬಾ

ನಾನು ಜುಂಬಾ ಎಂಬ ಕುಣಿತದ ವ್ಯಾಯಾಮದ ತರಗತಿ ನಡೆಸುತ್ತೇನೆ, ಆದ್ದರಿಂದ ಈ ಚರ್ಚೆಯನ್ನು ಒಂದೇ ಉಸಿರಿನಲ್ಲಿ ಓದಿದೆ. ಕೊಲಂಬಿಯಾದ ಬೆಟೊ ಪೆರೆಸ್ ಆರಂಭಿಸಿದ ಜುಂಬಾದಲ್ಲಿ ಸಾಲ್ಸಾ, ಮೆರೆಂಗೆ, ಕುಂಬಿಯಾಗಳ ಜೊತೆಗೆ ರೆಗೆಟೋನ್ ನಾಲ್ಕು ಮೂಲ ಲಯಗಳಲ್ಲಿ ಒಂದು. ನಮ್ಮ ಊರುಗಳಿಗೆ ಈ ಸಂಗೀತ ಬಂದ ಮುಖ್ಯ ದಾರಿಗಳಲ್ಲಿ ಇದೂ ಒಂದೆಂದು ನಾನು ನಂಬಿದ್ದೇನೆ. ನನ್ನ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಗೃಹಿಣಿಯರು, ಬ್ಯಾಂಕು ಮತ್ತು ಶಾಲೆಗಳಲ್ಲಿ ಕೆಲಸ ಮಾಡುವ ಮಹಿಳೆಯರು.

ಮೆರೆಂಗೆ ಹಾಕಿದಾಗ ಅವರು ಕಾಲಿನಲ್ಲಿ ಓಡುತ್ತಾರೆ, ಏಕೆಂದರೆ ಅದರ ವೇಗ ಹೆಚ್ಚು. ‘ಗಾಸೋಲಿನಾ’ ಹಾಕಿದಾಗ ವೇಗ ಇಳಿಯುತ್ತದೆ, ಓಡಲು ಅವಕಾಶವಿಲ್ಲ, ಮಂಡಿಯನ್ನು ಸ್ವಲ್ಪ ಮಡಿಸಿ ಭಾರವನ್ನು ಕೆಳಗಿಳಿಸದಿದ್ದರೆ ಲಯ ಸಿಗುವುದೇ ಇಲ್ಲ. ಹೊಸಬರು ಮೊದಲು ಮೈ ಬಿಗಿಹಿಡಿದು, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ತಂದು, ಕಾಲನ್ನಷ್ಟೇ ಎತ್ತಿಡುತ್ತಾರೆ. ಖಂಜಿರ ಅಭ್ಯಾಸಿಗಳು ವಿವರಿಸಿದ ಆ ನಾಲ್ಕನೆಯ ಮಾತ್ರೆಯ ಪೆಟ್ಟಿಗೆ ಎದೆಯನ್ನು ಮುಂದಕ್ಕೆ ತಳ್ಳುವುದನ್ನು ಹೇಳಿಕೊಟ್ಟ ಮೇಲೆ ಕೈಗಳು ತಾವಾಗಿಯೇ ಹೊಟ್ಟೆ ಬಿಟ್ಟು ಬದಿಗೆ ಬರುತ್ತವೆ. ಪಲ್ಲವಿಯ ಹೆಣ್ಣುದನಿ ಬರುವಲ್ಲಿ ನಾನು ಒಂದು ಹೆಜ್ಜೆ ಮುಂದಿಡಿಸುತ್ತೇನೆ. ಅಲ್ಲಿ ಪದ ಗೊತ್ತಿಲ್ಲದಿದ್ದರೂ ಎಲ್ಲರೂ ಒಟ್ಟಾಗಿ ಕೂಗುತ್ತಾರೆ. ಹಾಡಿನ ಅರ್ಥವೇನೆಂದು ಅವರು ಕೇಳಿದಾಗ, ಸುತ್ತಾಡಲು ಹೊರಟ ಹುಡುಗಿಯೊಬ್ಬಳು ಗಾಡಿಗೆ ಇನ್ನಷ್ಟು ಪೆಟ್ರೋಲ್ ಹಾಕು ಎನ್ನುತ್ತಿದ್ದಾಳೆ ಎಂದಷ್ಟೇ ಹೇಳುತ್ತಿದ್ದೆ. ಒರ್ಲ್ಯಾಂಡೊದವರ ವಿವರಣೆ ಓದಿದ ಮೇಲೆ ಆ ಸರಳ ಉತ್ತರವೇ ಗಾಯಕನ ಮಾತಿಗೂ ಹತ್ತಿರವಾಗಿದೆ ಎಂದು ತಿಳಿದು ಸಂತೋಷವಾಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಎಳೆಯ ಮಕ್ಕಳಿಗೆ ಇದನ್ನು ಹೇಳಿಕೊಡಿ ಎಂದು ಕೇಳಿದವರಿಗೆ ಮಾತ್ರ ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಇದು ದೊಡ್ಡವರು ತಮ್ಮ ಇಷ್ಟದಿಂದ ಕುಣಿಯುವ ಹಾಡು.

ಹಳೆಯ ರಾಗಗಳು

ಲಯಾನ್ವೇಷಿ ಅವರು ಕೊಟ್ಟ ಹಿನ್ನೆಲೆಯಿಂದ ಚರಣಗಳ ಜಂಬವನ್ನು ಬೇರೆ ರೀತಿಯಲ್ಲಿ ಕೇಳಲು ಸಾಧ್ಯವಾಯಿತು, ಅದನ್ನು ಒಪ್ಪುತ್ತೇನೆ. ಸಾಹಿತ್ಯ ತೆಳು ಎಂಬ ಅಭಿಪ್ರಾಯವನ್ನು ಬಿಟ್ಟುಕೊಡುವುದಿಲ್ಲ. ನನಗೆ ಉಳಿದಿರುವ ಪ್ರಶ್ನೆ ಇದು: ಅದೇ ತಾಳದಲ್ಲಿ, ಅದೇ ಊರಿನಲ್ಲಿ, ಅದೇ ಕಾಲದಲ್ಲಿ ನೂರಾರು ಹಾಡುಗಳು ಬಂದಿರಬೇಕು. ಬಾಗಿಲು ಒಡೆದದ್ದು ಇದೊಂದೇ ಏಕೆ?

ಒರ್ಲ್ಯಾಂಡೊ ಕನ್ನಡಿಗ

ಕಾಲ ಕೂಡಿಬಂದಿತ್ತು ಎಂಬುದು ಒಂದು ಭಾಗ. ಅಮೆರಿಕದ ನಗರಗಳಲ್ಲಿ ಹುಟ್ಟಿ ಬೆಳೆದ ಲ್ಯಾಟಿನೊ ಯುವಜನರು ಮನೆಯಲ್ಲಿ ಸ್ಪ್ಯಾನಿಷ್, ಬೀದಿಯಲ್ಲಿ ಹಿಪ್‌ಹಾಪ್ ಎಂಬಂತೆ ಬದುಕುತ್ತಿದ್ದರು, ಆದರೆ ಅವರಿಗೆಂದೇ ಬಾನುಲಿ ಕೇಂದ್ರಗಳಿರಲಿಲ್ಲ. 2004ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನ ಕೆಎಲ್‌ಒಎಲ್ ಎಂಬ, ಮೂರು ದಶಕಗಳ ಕಾಲ ರಾಕ್ ಸಂಗೀತ ಹಾಕುತ್ತಿದ್ದ ಕೇಂದ್ರ, ಲ್ಯಾಟಿನೊ ಯುವಜನರ ಸಂಗೀತಕ್ಕೆ ಬದಲಾಯಿತು. ಆ ಬಗೆಯ ಕೇಂದ್ರಗಳು ಇತರ ನಗರಗಳಲ್ಲೂ ತಲೆಯೆತ್ತಿದವು, ಮತ್ತು ಅವುಗಳಿಗೆ ಹಾಕಲು ಸಿದ್ಧವಾಗಿ ಸಿಕ್ಕ ಹಾಡುಗಳಲ್ಲಿ ಇದು ಮುಂಚೂಣಿಯದು. 2005ರ ಲ್ಯಾಟಿನ್ ಗ್ರ್ಯಾಮಿಯಲ್ಲಿ ‘ವರ್ಷದ ಧ್ವನಿಮುದ್ರಣ’ ವಿಭಾಗಕ್ಕೆ ನಾಮನಿರ್ದೇಶನವಾದ ಮೊದಲ ರೆಗೆಟೋನ್ ಹಾಡೂ ಇದೇ.

ಇನ್ನೊಂದು ಭಾಗ ಲೂನಿ ಟ್ಯೂನ್ಸ್ ಅವರ ಕಿವಿ. ಫ್ರಾನ್ಸಿಸ್ಕೊ ಸಾಲ್ದಾನ್ಯಾ ಮತ್ತು ವಿಕ್ಟರ್ ಕಾಬ್ರೆರಾ ಇಬ್ಬರೂ ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆದವರು. ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗರು ಅಲ್ಲಿಂದ ಪೋರ್ಟೊ ರಿಕೊಗೆ ಹೋಗಿ ಈ ಸಂಗೀತದ ಸದ್ದನ್ನೇ ಬದಲಿಸಿದರು. ಅವರಿಗಿಂತ ಮೊದಲಿನ ಕ್ಯಾಸೆಟ್‌ಗಳ ಸದ್ದು ಒರಟು. ಇವರದು ಹೊಳಪಿನದು, ದೊಡ್ಡ ಕ್ಲಬ್ಬಿನ ಸ್ಪೀಕರುಗಳಿಗೆ ಹೇಳಿ ಮಾಡಿಸಿದಂಥದು.

ಖಂಜಿರ ಅಭ್ಯಾಸಿ

ಒರ್ಲ್ಯಾಂಡೊದವರ ಮಾತಿಗೆ ಪೂರಕವಾಗಿ ಕೇಳಬೇಕಾದ ಒಂದು ಸೂಕ್ಷ್ಮವನ್ನು ತೋರಿಸುತ್ತೇನೆ. ಹೆಡ್‌ಫೋನ್ ಹಾಕಿಕೊಂಡು, ಹಾಡುಗಾರಿಕೆಯನ್ನು ಬಿಟ್ಟು ಸ್ನೇರ್ ಒಂದನ್ನೇ ಹಿಂಬಾಲಿಸಿ. ತಾಳ ಬದಲಾಗುವುದಿಲ್ಲ, ಆದರೆ ಕೆಲವು ಆವರ್ತನಗಳಿಗೊಮ್ಮೆ ಸ್ನೇರ್‌ನ ನಾದ ಬದಲಾಗುತ್ತದೆ. ಒಂದು ಕಡೆ ಒಣಗಿದ ಚಟ್ ಎಂಬ ಸದ್ದು, ಇನ್ನೊಂದು ಕಡೆ ಅದಕ್ಕಿಂತ ತುಂಬಿದ ಸದ್ದು, ಮತ್ತೊಂದು ಕಡೆ ಹಳೆಯ ಡೆಂಬೋ ಮುದ್ರಣಗಳ ಪರಿಚಿತ ನಾದ. ಕ್ಯಾಸೆಟ್ ಕಾಲದಲ್ಲಿ ಡಿಜೆಗಳು ಒಂದೇ ಹಾಡಿನ ಕೆಳಗೆ ಹಲವು ಜಮೈಕನ್ ವಾದ್ಯಮುದ್ರಣಗಳನ್ನು ಒಂದರ ನಂತರ ಒಂದು ಬದಲಿಸುತ್ತಿದ್ದರು. ಆ ಪದ್ಧತಿಯನ್ನು ಲೂನಿ ಟ್ಯೂನ್ಸ್ ಗಣಕಯಂತ್ರದೊಳಗೆ ಉಳಿಸಿಕೊಂಡರು. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೇ ತಾಳವಿದ್ದರೂ ಬೇಸರ ಬಾರದಿರುವುದಕ್ಕೆ ಈ ಬಣ್ಣ ಬದಲಾವಣೆ ಕಾರಣ. ಅದರ ಜೊತೆಗೆ, ಪ್ರತಿ ಪಲ್ಲವಿಗೆ ಮುನ್ನ ಸ್ನೇರ್ ಒತ್ತೊತ್ತಾಗಿ ಉರುಳುತ್ತಾ ಏರುವುದನ್ನು ಗಮನಿಸಿ; ಆ ಏರಿಕೆ ಜಮೈಕಾದ್ದಲ್ಲ, ಕ್ಲಬ್ಬುಗಳ ಎಲೆಕ್ಟ್ರಾನಿಕ್ ಸಂಗೀತವಾದ ಟೆಕ್ನೊದಿಂದ ಬಂದದ್ದು. ಹೀಗೆ ಕೆರಿಬಿಯನ್ ತಾಳ ಮತ್ತು ಕ್ಲಬ್ಬಿನ ಏರಿಕೆ ಒಂದೆಡೆ ಸೇರಿದ್ದರಿಂದ ಯುರೋಪಿನ ನೃತ್ಯಗೃಹಗಳಿಗೂ ಇದು ಪರಕೀಯವೆನಿಸಲಿಲ್ಲ. ‘ಹಳೆಯ ರಾಗಗಳು’ ಅವರ ಪ್ರಶ್ನೆಗೆ ನನ್ನ ಉತ್ತರ ಇದೇ.

ಬೆಳಗಿನ ಓದು

ಪಲ್ಲವಿಯ ಉಚ್ಚಾರದ ಬಗ್ಗೆಯೂ ಒಂದು ಮಾತು. ಹಾಡಿನ ಮುಖ್ಯ ಪದದಲ್ಲಿ ನಾಲ್ಕು ಅಕ್ಷರಗಳು, ನಾಲ್ಕೂ ಸ್ವರದಲ್ಲಿ ಮುಗಿಯುತ್ತವೆ. ಒತ್ತಕ್ಷರವಿಲ್ಲ, ನಾಲಿಗೆ ತೊಡರುವ ಕಡೆಯಿಲ್ಲ. ಯಾವ ಭಾಷೆಯವರೂ ಒಮ್ಮೆ ಕೇಳಿ ತಿರುಗಿ ಹೇಳಬಲ್ಲರು.

ನನ್ನ ಹಳೆಯ ಆಕ್ಷೇಪ ಮಾತ್ರ ಉಳಿದಿದೆ, ಲಯಾನ್ವೇಷಿ ಅವರೇ. ಚರಣಗಳಲ್ಲೆಲ್ಲ ಅವನ ದನಿಯೇ. ಅವಳಿಗೆ ಸಿಕ್ಕಿರುವುದು ಒಂದು ಸಾಲು. ಆ ಒಂದು ಸಾಲಿನ ಆಧಾರದ ಮೇಲೆ ಹಾಡು ಅವಳದ್ದೆಂದು ಹೇಳಲು ಸಾಧ್ಯವೇ?

ಲಯಾನ್ವೇಷಿ

ಬರಹದಲ್ಲಿ ನೋಡಿದರೆ ನೀವು ಹೇಳುವುದು ಸರಿ, ಮತ್ತು ಗ್ಲೋರಿಯ ಹೆಸರಿಗೆ ಆದ ಅನ್ಯಾಯವನ್ನು ಯಾವ ವ್ಯಾಖ್ಯಾನವೂ ತೊಳೆಯಲಾರದು. ಹಾಡು ಪೂರ್ತಿ ಅವಳದ್ದೆಂದು ನಾನೂ ಹೇಳಲಾರೆ. ಆದರೆ ಇದು ಓದುವುದಕ್ಕಿಂತ ಸೇರಿ ಹಾಡುವುದಕ್ಕೆಂದು ಕಟ್ಟಿದ ಹಾಡು. ಡ್ಯಾಡಿ ಯಾಂಕಿಯ ಸಂಗೀತ ಕಚೇರಿಗಳ ದೃಶ್ಯಗಳನ್ನು ನೋಡಿ: ಅವಳಿಗೆ ಏನು ಇಷ್ಟ ಎಂಬ ಅರ್ಧವನ್ನು ಅವರು ಹಾಡಿ ಮೈಕನ್ನು ಜನರ ಕಡೆ ಚಾಚುತ್ತಾರೆ. ಉತ್ತರದ ಅರ್ಧವನ್ನು, ಅಂದರೆ ಗ್ಲೋರಿಯ ಸಾಲನ್ನು, ಇಡೀ ಸಭಾಂಗಣ ಕೂಗುತ್ತದೆ. ಹೆಂಗಸರು ಕೂಗುತ್ತಾರೆ, ಅವರ ಪಕ್ಕದಲ್ಲಿರುವ ಗಂಡಸರೂ ಅಷ್ಟೇ ಜೋರಾಗಿ ಕೂಗುತ್ತಾರೆ. ಶಿವಮೊಗ್ಗದ ತರಗತಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟು ಕೂಗುವುದೂ ಅದೇ ಸಾಲನ್ನು. ವರ್ಣಿಸುವವನ ಪಾತ್ರವನ್ನು ವಹಿಸಲು ಅಲ್ಲಿ ಒಬ್ಬನೇ ಇರುತ್ತಾನೆ. ಕೇಳುವವಳ ಪಾತ್ರಕ್ಕೆ ಉಳಿದವರೆಲ್ಲ ಸೇರಿಕೊಳ್ಳುತ್ತಾರೆ.